ಕ್ಯಾನ್ ಅಂದರೋ, ಕ್ಯಾಂಟ್ ಅಂದರೋ

18 ಜುಲೈ 2024, ಗುರುವಾರ
ಶಿವಮೊಗ್ಗ

ಹಿಂದಿನ ಮನೆಯ ಹುಡುಗಿ ಸಂಜೆ ಬಂದು ಕೂತಳು. ಮನೆಯಿಂದಲೇ ಕೆಲಸ, ಅಮೆರಿಕದ ಗಿರಾಕಿಗಳ ಫೋನ್ ತೆಗೆದುಕೊಳ್ಳಬೇಕು. ಗ್ರಾಮರ್ ತಪ್ಪುವವಳಲ್ಲ, ಓದಿದ್ದು ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಮುಖ ಬಾಡಿತ್ತು.

“ಅಕ್ಕ, ‘ಐ ಕ್ಯಾನ್ ಲಾಗಿನ್’ ಅಂತಲೇ ಕೇಳಿಸ್ತು. ಸರಿ ಆಯ್ತಲ್ಲ ಅಂತ ಕಾಲ್ ಮುಗಿಸ್ದೆ. ಆಯಮ್ಮ ಹೇಳಿದ್ದು ‘ಕ್ಯಾಂಟ್’ ಅಂತೆ. ಕಂಪ್ಲೇಂಟ್ ಆಗಿದೆ.”

ಪಾಪ, ಅವಳ ಕಿವಿಯಲ್ಲಿ ಏನೂ ದೋಷವಿಲ್ಲ. ಕನ್ನಡದಲ್ಲಿ ಅಕ್ಷರ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ. ಇಂಗ್ಲಿಷಿನಲ್ಲಿ ಮುಖ್ಯ ಪದಕ್ಕೆ ಒತ್ತು ಬೀಳುತ್ತೆ, ನಡುವಿನ ಚಿಲ್ಲರೆ ಪದಗಳನ್ನ ನುಂಗಿಬಿಡುತ್ತಾರೆ. ಅಮೆರಿಕದವರ ಬಾಯಲ್ಲಿ ‘ಕ್ಯಾನ್’ ಬರೀ ‘ಕ್‌ನ್’ ಆಗುತ್ತೆ, ಒತ್ತೆಲ್ಲ ಮುಂದಿನ ಕ್ರಿಯಾಪದದ ಮೇಲೆ. ‘ಕ್ಯಾಂಟ್’ ಅನ್ನುವಾಗ ಮಾತ್ರ ‘ಕ್ಯಾ’ ತುಂಬಿಕೊಂಡು ಬರುತ್ತೆ, ಕೊನೆಯ ‘ಟ್’ ಗಂಟಲಲ್ಲೇ ನಿಲ್ಲುತ್ತೆ. ನಾವು ಆ ‘ಟ್’ಗೆ ಕಾಯ್ತೀವಿ. ಅದು ಬರಲ್ಲ. ಆಗುತ್ತೆ ಅಂದರು ಅಂತ ತಿಳ್ಕೊಳ್ತೀವಿ.

ಹಾಗಾಗಿ ‘ಟ್’ ಹುಡುಕಬೇಡ, ಸ್ವರ ಕೇಳು ಅಂದೆ. ‘ಕ್ಯಾ’ ಪೂರ್ತಿಯಾಗಿ ಕೇಳಿಸಿದರೆ ‘ಆಗಲ್ಲ’ ಅಂದಿರಬಹುದು ಅಂತ ಮೊದಲು ಅನುಮಾನಪಡು. ನಾವು ಮಾತಾಡುವಾಗಲೂ ಇದೇ ತೊಂದರೆ. ‘ಐ ಕ್ಯಾನ್ ಹೆಲ್ಪ್ ಯು’ ಅಂತ ನಾವು ಒತ್ತಿ ಹೇಳಿದರೆ, ಆಗಲ್ಲ ಅಂತಿದ್ದಾಳೆ ಅಂತ ಅವರು ತಿಳಿದಾರು. ‘ಹೆಲ್ಪ್’ ಒತ್ತಬೇಕು, ‘ಕ್ಯಾನ್’ ತೇಲಿಸಬೇಕು.

“ಅನುಮಾನ ಬಂದ್ರೆ ‘ಇಟ್ಸ್ ನಾಟ್ ವರ್ಕಿಂಗ್?’ ಅಂತ ಕೇಳ್ಲಾ?”

ಬೇಡವೇ ಬೇಡ. ‘ಬರಲ್ವಾ?’ ಅಂದರೆ ನಾವು ‘ಹೂಂ, ಬರಲ್ಲ’ ಅಂತೀವಿ. ಅವರು ಅದಕ್ಕೇ ‘ನೋ’ ಅಂತಾರೆ. ಮತ್ತೊಂದು ಗೊಂದಲ. ‘ಈಸ್ ಇಟ್ ವರ್ಕಿಂಗ್ ನೌ?’ ಅಂತ ನೇರ ಕೇಳಿದರೆ ಉತ್ತರ ಹೌದು ಅಥವಾ ಇಲ್ಲ, ಎರಡರಲ್ಲೊಂದು.

ಕರೆಂಟ್ ಹೋಯ್ತು. ಬಂತು. ಈ ಮಳೆ ನಿಲ್ಲುವ ಲಕ್ಷಣವೇ ಇಲ್ಲ.

ಅವಳಿಗೆ ಇನ್ನೊಂದು ಸಂಕಟ. ‘ಎನಿಥಿಂಗ್ ಎಲ್ಸ್?’ ಅಂದಾಗ ಗಿರಾಕಿ ‘ಐ ಆಮ್ ಗುಡ್’ ಅಂದರಂತೆ. ಇವಳು ‘ಗ್ಲಾಡ್ ಟು ಹಿಯರ್’ ಅಂದು ಮತ್ತೆ ಅದೇ ಪ್ರಶ್ನೆ ಕೇಳಿದಳಂತೆ. ಆ ಜಾಗದಲ್ಲಿ ಅದು ಕ್ಷೇಮ ಸಮಾಚಾರ ಅಲ್ಲ ಮಾರಾಯ್ತಿ, ಇನ್ನೇನೂ ಬೇಡ ಅಂತ. ‘ಐ ವಿಲ್ ಲೆಟ್ ಯು ಗೋ’ ಅಂದರೂ ಅಷ್ಟೇ, ಫೋನ್ ಇಡ್ತೀನಿ ಅಂತ. ನಾವು ‘ಬರ್ತೀನಿ’ ಅಂತ ಹೇಳಿಯೇ ಎದ್ದು ಹೋಗೋದಿಲ್ವಾ! ಬ್ರಿಟನ್ನಿನವರು ‘ಯು ಆಲ್‌ರೈಟ್?’ ಅಂದರೆ ಹುಷಾರಿಲ್ವಾ ಅಂತ ಗಾಬರಿ ಬೀಳೋದು ಬೇಡ. ‘ಯಾ, ಯು?’ ಅಂದರೆ ಮುಗೀತು.

ಅದಕ್ಕೇ ನೋಟ್‌ಬುಕ್ಕಿನಲ್ಲಿ ಬರೀ ಅರ್ಥ ಬರೆಯೋದು ದಂಡ. ಯಾರು, ಯಾವ ಹೊತ್ತಿನಲ್ಲಿ ಹೇಳಿದರು, ಎದುರಿನವರು ಏನಂದರು, ಇಷ್ಟೂ ಒಟ್ಟಿಗೆ ಬರೆಯಬೇಕು. ಉತ್ತರವಿಲ್ಲದ ಮಾತನ್ನು ಬಾಯಿಪಾಠ ಮಾಡಿದರೆ ಕರೆ ಬಂದಾಗ ನಾಲಿಗೆ ಏಳಲ್ಲ.

ಕಿವಿಗೆ ಅಭ್ಯಾಸ ಬೇರೆ. ಬರಹರೂಪವೂ ಸಿಗುವ ಸಂಭಾಷಣೆಯೊಂದನ್ನ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು, ಈ ಮಳೆಗಾಲದಲ್ಲಿ ನೆಟ್‌ವರ್ಕ್ ನಂಬೋಕಾಗಲ್ಲ. ಹತ್ತು ಹದಿನೈದು ಸೆಕೆಂಡಿನ ತುಂಡು ಸಾಕು. ಮೊದಲು ಬರಹ ನೋಡದೆ ಎರಡು ಮೂರು ಸಲ ಕೇಳಿ, ಕೇಳಿಸಿದಷ್ಟು ಬರೆಯಬೇಕು. ಆಮೇಲೆ ಬರಹದ ಜೊತೆ ಹೋಲಿಸಿ, ತಪ್ಪಿಹೋದ ಪದಗಳಿಗೆ ಗೆರೆ ಎಳೆಯಬೇಕು. ಗೆರೆ ಬೀಳೋದು ಹೆಚ್ಚಾಗಿ ‘ಟು’, ‘ಆಫ್’, ‘ಹಿಮ್’, ‘ಹ್ಯಾವ್’ ಇಂಥವಕ್ಕೇ. ‘ವಾಟ್ ಡು ಯು ವಾಂಟ್ ಟು ಡು’ ಅನ್ನೋದು ‘ವಾಡ್ಯ ವಾನ ಡೂ’ ಆಗಿರುತ್ತೆ. ವೇಗ 0.75ಕ್ಕೆ ಇಳಿಸಿ ಒಮ್ಮೆ ಕೇಳಿ, ಮತ್ತೆ ಮಾಮೂಲಿ ವೇಗಕ್ಕೆ ತಂದು ಅವರ ಜೊತೆಜೊತೆಗೇ ಹೇಳಬೇಕು. 0.5ಕ್ಕೆ ಇಳಿಸಿದರೆ ಸ್ವರವೆಲ್ಲ ಎಳೆದುಕೊಂಡು ಬೇರೆ ಭಾಷೆಯ ಥರ ಆಗುತ್ತೆ. ಸಬ್‌ಟೈಟಲ್ ಮೊದಲೇ ಹಾಕಿದರಂತೂ ಕಣ್ಣು ಓದುತ್ತೆ, ಕಿವಿ ಸುಮ್ಮನಿರುತ್ತೆ.

ಇಯರ್‌ಫೋನ್ ಬೇಕೇ ಬೇಕು. ಅವಳ ಕೋಣೆಯ ಮೇಲೆ ಶೀಟು, ಮಳೆ ಹೊಡೆದರೆ ‘ಸ್’, ‘ಟ್’ ಎಲ್ಲ ಅದರಲ್ಲೇ ಕರಗಿಹೋಗುತ್ತೆ. ಪಕ್ಕದ ತಾರಸಿ ಕೋಣೆಗೆ ಮೇಜು ಎಳೆಸ್ಕೋ ಅಂದೆ. ಅಮ್ಮ ಒಪ್ಪಲ್ಲ, ಅಲ್ಲಿ ಅಡಿಕೆ ಮೂಟೆ ಇದೆ ಅಂದಳು. ನಾಳೆ ನಾನೇ ಅವರ ಹತ್ತಿರ ಮಾತಾಡ್ತೀನಿ.

‘ಪುಟ್ ಆಫ್’ (ಮುಂದೂಡೋದು), ‘ಪುಟ್ ಅಪ್ ವಿತ್’ (ಸಹಿಸಿಕೊಳ್ಳೋದು), ‘ಪುಟ್ ಥ್ರೂ’ (ಕರೆಯನ್ನ ಇನ್ನೊಬ್ಬರಿಗೆ ಜೋಡಿಸೋದು) ಎಲ್ಲ ಪಟ್ಟಿ ಮಾಡಿಕೊಡಿ ಅಂತ ಕೇಳಿದ್ದಾಳೆ. ಪಟ್ಟಿ ಕೊಡಬಾರದು, ಒಂದರ ಜೊತೆ ಒಂದು ಕಲಸಿಹೋಗುತ್ತೆ. ಅವಳ ಕರೆಗಳಲ್ಲಿ ದಿನಾ ಬರೋದು ‘ಹ್ಯಾಂಗ್ ಆನ್’, ‘ಕಟ್ ಆಫ್’, ‘ಕಾಲ್ ಬ್ಯಾಕ್’. ಅವುಗಳಿಂದ ಶುರು ಮಾಡಿ, ‘ಪುಟ್ ಥ್ರೂ’ ಆಮೇಲೆ, ಅದೂ ‘ಐ ವಿಲ್ ಪುಟ್ ಯು ಥ್ರೂ’ ಅಂತ ಪೂರ್ತಿ ವಾಕ್ಯದಲ್ಲೇ, ಯಾಕೆಂದರೆ ನಡುವೆ ‘ಯು’ ಬಂದು ಕೂತಾಗ