ಗುಂಡು ಎಷ್ಟು ಡಿಗ್ರಿ ತಪ್ಪಿತು ಅನ್ನುವುದೇ ಸುಳಿವು

ಪಾತ್ರ ಎಡಕ್ಕೆ ಮುಖ ಮಾಡಿ ನಿಂತಿದೆ, ಗುಂಡು ಬಲಕ್ಕೆ ಹಾರುತ್ತದೆ. ಕಂಪ್ಯೂಟರ್ ಆಟಗಳ ಕೋಡ್ ಬರೆಯುವ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಬಹುಬೇಗ ಎದುರಾಗುವ ತೊಂದರೆ ಇದು. ಆಗ ಕೈ ತಾನಾಗಿ ಒಂದು ಮೈನಸ್ ಚಿಹ್ನೆ ಹಾಕುತ್ತದೆ, ಅದಕ್ಕೂ ಬಗ್ಗದಿದ್ದರೆ 90 ಕೂಡಿಸುತ್ತದೆ. ಒಂದು ದಿಕ್ಕಿಗೆ ಸರಿಹೋಗುತ್ತದೆ, ಪಾತ್ರ ಇನ್ನೊಂದು ಕಡೆ ತಿರುಗಿದಾಗ ಮತ್ತೆ ಕೆಡುತ್ತದೆ. ಹೀಗೆ ಊಹೆಯ ಮೇಲೆ ತಿದ್ದಬೇಕಾಗಿಯೇ ಇಲ್ಲ. ಗುಂಡು ಎಷ್ಟು ಡಿಗ್ರಿ ದಾರಿ ತಪ್ಪಿತು ಎಂದು ಅಳೆದು ನೋಡಿದರೆ, ತಪ್ಪು ಯಾವ ಬಗೆಯದು ಎಂದು ಆ ಸಂಖ್ಯೆಯೇ ಹೇಳಿಬಿಡುತ್ತದೆ.

ಮೊದಲು ಸರಿಯಾದ ರೂಪ ಹೇಗಿರಬೇಕು ಎಂದು ನೋಡೋಣ. ಆಟ ಕಟ್ಟುವ ತಂತ್ರಾಂಶ, ಅಂದರೆ ಎಂಜಿನ್ ಆದ ಯೂನಿಟಿಯ 3ಡಿಯನ್ನೇ ತೆಗೆದುಕೊಳ್ಳಿ. ಬಂದೂಕಿನ ನಳಿಗೆಯ ತುದಿಯಲ್ಲಿ ಒಂದು ಖಾಲಿ ಗೇಮ್ ಆಬ್ಜೆಕ್ಟ್ ಇಡಿ. ಅದರ ನೀಲಿ ಬಾಣ, ಅಂದರೆ ಝೆಡ್ ಅಕ್ಷ, ಗುಂಡು ಹೊರಡಬೇಕಾದ ಕಡೆಗೇ ಇರಲಿ. ಸಂಪಾದಕದಲ್ಲಿ ಹಿಡಿಕೆಗಳನ್ನು 'ಗ್ಲೋಬಲ್' ಬದಲು 'ಲೋಕಲ್'ಗೆ ಹಾಕಿಕೊಂಡರೆ ಮಾತ್ರ ಆ ಬಾಣದ ನಿಜವಾದ ದಿಕ್ಕು ಕಾಣುತ್ತದೆ. ಗುಂಡಿನ ಪ್ರಿಫ್ಯಾಬನ್ನು (ಮೊದಲೇ ಮಾಡಿಟ್ಟ ಅಚ್ಚು) ಇನ್‌ಸ್ಟ್ಯಾನ್ಶಿಯೇಟ್ ಮಾಡುವಾಗ, ಅಂದರೆ ಅದರ ಒಂದು ಪ್ರತಿ ಹುಟ್ಟಿಸುವಾಗ, ಪ್ರಿಫ್ಯಾಬ್, ತುದಿಯ ಜಾಗ, ತುದಿಯ ತಿರುವು ಮೂರನ್ನೂ ಒಂದೇ ಕರೆಯಲ್ಲಿ ಕೊಡಿ. ಆಮೇಲೆ ಗುಂಡಿನ ಭೌತಿಕ ಚಲನೆ ನೋಡಿಕೊಳ್ಳುವ ರಿಜಿಡ್‌ಬಾಡಿಯ ವೇಗಕ್ಕೆ 'ತುದಿಯ ಟ್ರಾನ್ಸ್‌ಫಾರ್ಮ್.ಫಾರ್ವರ್ಡ್ ಗುಣಿಲೆ 40' ಎಂದು, ಅಂದರೆ ತುದಿ ನೋಡುವ ದಿಕ್ಕಿಗೆ ಸೆಕೆಂಡಿಗೆ 40 ಮೀಟರ್ ಎಂದು, ಒಮ್ಮೆ ಬರೆದು ಕೈಬಿಡಿ. ಯೂನಿಟಿ 6ರಿಂದ ಈ ಗುಣದ ಹೆಸರು ಲೀನಿಯರ್‌ವೆಲಾಸಿಟಿ, ಅದಕ್ಕೂ ಹಿಂದೆ ಬರೀ ವೆಲಾಸಿಟಿ. ಗುರುತ್ವ ಬೇಡದ ಗುಂಡಾದರೆ ಯೂಸ್ ಗ್ರಾವಿಟಿಯ ಟಿಕ್ ತೆಗೆಯಿರಿ.

ವೇಗದ ಬದಲು ತಳ್ಳುವ ಫಂಕ್ಷನ್ ಆ್ಯಡ್‌ಫೋರ್ಸ್ ಬಳಸಿದವರು ಗುಂಡು ಕಾಲ ಬುಡದಲ್ಲೇ ಬೀಳುತ್ತದೆ ಎಂದು ದೂರುವುದುಂಟು. ಫೋರ್ಸ್ ಮೋಡ್ ಹೇಳದಿದ್ದರೆ ಅದು ಬಲ ಎಂದೇ ಲೆಕ್ಕ, ಒಂದು ಫಿಸಿಕ್ಸ್ ಹೆಜ್ಜೆಯ 0.02 ಸೆಕೆಂಡಿನಷ್ಟು ಹೊತ್ತು ಮಾತ್ರ ತಳ್ಳುತ್ತದೆ. 1 ಕಿಲೋ ತೂಕದ ಗುಂಡಿಗೆ 20 ಕೊಟ್ಟರೆ ಸಿಗುವ ವೇಗ ಸೆಕೆಂಡಿಗೆ 0.4 ಮೀಟರ್. ಇಂಪಲ್ಸ್ ಅಥವಾ ವೆಲಾಸಿಟಿಚೇಂಜ್ ಮೋಡ್ ಕೊಡಬೇಕು. ದಿಕ್ಕು ಸರಿಯೇ ಇದ್ದರೂ ಇದನ್ನು ದಿಕ್ಕಿನ ತಪ್ಪು ಎಂದುಕೊಂಡು ಗಂಟೆಗಟ್ಟಲೆ ಹುಡುಕುವವರಿದ್ದಾರೆ.

ಇನ್ನು ಅಳತೆ. ಪಾತ್ರ 0 ಡಿಗ್ರಿಯಲ್ಲಿ, ಅಂದರೆ ಹುಟ್ಟಿದಾಗಿನ ದಿಕ್ಕಿನಲ್ಲೇ ನಿಂತಿರುವಾಗ ಪರೀಕ್ಷೆ ಮಾಡಿದರೆ ಅರ್ಧಕ್ಕರ್ಧ ತಪ್ಪುಗಳು ಕಾಣುವುದೇ ಇಲ್ಲ. ಸೊನ್ನೆಯನ್ನು ಎರಡು ಸಲ ತಿರುಗಿಸಿದರೂ ಸೊನ್ನೆಯೇ, ಮೈನಸ್ ಹಾಕಿದರೂ ಸೊನ್ನೆಯೇ. 45 ಕೂಡ ಒಳ್ಳೆಯ ಕೋನವಲ್ಲ, ಎಕ್ಸ್ ಮತ್ತು ವೈ ಅದಲುಬದಲಾದರೂ 45 ಹಾಗೇ ಉಳಿಯುತ್ತದೆ. 30ರಲ್ಲಿ ಎರಡು ಬೇರೆ ಬೇರೆ ತಪ್ಪುಗಳು ಒಂದೇ 60ನ್ನು ತೋರಿಸುತ್ತವೆ. ನಾವು ಬಳಸುವುದು 23. ಪಾತ್ರವನ್ನು 23 ಡಿಗ್ರಿಗೆ ತಿರುಗಿಸಿ, ಒಂದು ಗುಂಡು ಹಾರಿಸಿ, ಅದರ ವೇಗದ ವೆಕ್ಟರಿನ ಕೋನವನ್ನು ಕನ್ಸೋಲಿನಲ್ಲಿ ಮುದ್ರಿಸಿ. ಯೂನಿಟಿಯ 3ಡಿಯಲ್ಲಿ ಈ ಕೋನ ತಿಳಿಯಲು, ವೆಕ್ಟರಿನ ಭಾಗಗಳಿಂದ ಕೋನ ಲೆಕ್ಕ ಹಾಕುವ ಫಂಕ್ಷನ್ ಆದ ಅಟ್ಯಾನ್2ಕ್ಕೆ ಮೊದಲು ಎಕ್ಸ್, ಆಮೇಲೆ ಝೆಡ್ ಕೊಡಬೇಕು, ಏಕೆಂದರೆ ಅಲ್ಲಿ ಸೊನ್ನೆ ಡಿಗ್ರಿ ಎಂದರೆ ಝೆಡ್ ಕಡೆ. 2ಡಿಯಲ್ಲಿ ಮೊದಲು ವೈ, ಆಮೇಲೆ ಎಕ್ಸ್. ಅಟ್ಯಾನ್2 ಉತ್ತರವನ್ನು ರೇಡಿಯನ್ನಿನಲ್ಲಿ (ಕೋನದ ಇನ್ನೊಂದು ಅಳತೆ) ಕೊಡುತ್ತದೆ. ಮುದ್ರಿಸುವ ಮೊದಲು 57.29578ರಿಂದ ಗುಣಿಸಿ ಡಿಗ್ರಿ ಮಾಡಿ, ಮೈನಸ್ ಬಂದರೆ 360 ಕೂಡಿಸಿ.

23 ಬಂದರೆ ಸರಿ. ಬೇರೆ ಸಂಖ್ಯೆ ಬಂದರೆ ಹೀಗೆ ಓದಿಕೊಳ್ಳಿ.

ಸರಿಯಾಗಿ 0 ಬಂದರೆ ದಿಕ್ಕು ಪಾತ್ರದ್ದಲ್ಲ, ಲೋಕದ್ದು. ಟ್ರಾನ್ಸ್‌ಫಾರ್ಮ್.ಫಾರ್ವರ್ಡ್ ಎಂದು ಬರೆಯಬೇಕಾದಲ್ಲಿ ವೆಕ್ಟರ್3.ಫಾರ್ವರ್ಡ್ ಬರೆದಿದ್ದೀರಿ, ಎರಡನೆಯದು ಯಾವಾಗಲೂ 0, 0, 1. ಇದೇ 0 ಬರಲು ಇನ್ನೊಂದು ದಾರಿಯೂ ಇದೆ: ಗುಂಡನ್ನು ಮೊದಲು ಹುಟ್ಟಿಸಿ ಮುಂದಿನ ಸಾಲಿನಲ್ಲಿ ತಿರುಗಿಸುತ್ತಿದ್ದೀರಿ, ಗುಂಡಿನ ಸ್ಕ್ರಿಪ್ಟ್ ಮಾತ್ರ ತನ್ನ ದಿಕ್ಕನ್ನು, ಹುಟ್ಟಿದ ಕೂಡಲೇ ಓಡುವ ಅವೇಕ್‌ನಲ್ಲೇ ಓದಿಕೊಂಡಿದೆ. ಅವೇಕ್ ಓಡುವ ಹೊತ್ತಿಗೆ ತಿರುವು ಇನ್ನೂ ಬಂದಿರುವುದಿಲ್ಲ. ಗೊಡೊ ಎಂಬ ಇನ್ನೊಂದು ಎಂಜಿನ್ನಿನಲ್ಲಿ ಇದೇ ತಪ್ಪು ರೆಡಿ ಫಂಕ್ಷನ್‌ನಲ್ಲಿ ಆಗುತ್ತದೆ: ಆ್ಯಡ್ ಚೈಲ್ಡ್ ಕರೆದ ಕೂಡಲೇ ರೆಡಿ ಓಡಿಬಿಡುತ್ತದೆ, ಜಾಗ ಮತ್ತು ತಿರುವು ಕೊಡುವ ಸಾಲು ಅದರ ಕೆಳಗಿರುತ್ತದೆ.

0.4 ಬಂದರೆ ಅದು ಸೊನ್ನೆ ಅಲ್ಲ, ಕಣ್ಣಿಗೆ ಹಾಗೆ ಕಾಣುತ್ತದೆ ಅಷ್ಟೆ. 23 ಡಿಗ್ರಿ ಎಂದರೆ 0.4014 ರೇಡಿಯನ್. ಅಟ್ಯಾನ್2ರಿಂದ ಬಂದ ರೇಡಿಯನ್ನನ್ನು 57.29578ರಿಂದ ಗುಣಿಸದೆ ಡಿಗ್ರಿ ಕೇಳುವ ಕಡೆ ಕೊಟ್ಟಿದ್ದೀರಿ.

238 ಬಂದರೆ ಅದರ ತಿರುಗಾಮುರುಗಾ: ಕಾಸ್ ಮತ್ತು ಸೈನ್‌ಗಳಿಗೆ ರೇಡಿಯನ್ ಬೇಕಿತ್ತು, ನೀವು 23 ಎಂಬ ಡಿಗ್ರಿಯನ್ನೇ ಕೊಟ್ಟಿದ್ದೀರಿ. 23 ರೇಡಿಯನ್‌ನಲ್ಲಿ ಮೂರು ಪೂರ್ತಿ ಸುತ್ತು ಕಳೆದರೆ ಉಳಿಯುವುದು 237.8 ಡಿಗ್ರಿ.

46 ಬಂದರೆ ತಿರುವು ಎರಡು ಸಲ ಬಿದ್ದಿದೆ. ಯೂನಿಟಿಯ ಟ್ರಾನ್ಸ್‌ಲೇಟ್ ಫಂಕ್ಷನ್ ಏನೂ ಹೇಳದಿದ್ದರೆ ಗುಂಡಿನ ಸ್ವಂತ ಅಕ್ಷದಲ್ಲೇ ಸರಿಸುತ್ತದೆ. ಅದಕ್ಕೆ ಈಗಾಗಲೇ ತಿರುಗಿರುವ ಟ್ರಾನ್ಸ್‌ಫಾರ್ಮ್.ಫಾರ್ವರ್ಡ್ ಕೊಟ್ಟರೆ 23ರ ಮೇಲೆ ಇನ್ನೊಂದು 23. ವೆಕ್ಟರ್3.ಫಾರ್ವರ್ಡ್ ಕೊಡಿ, ಇಲ್ಲವೇ ಕೊನೆಯಲ್ಲಿ ಸ್ಪೇಸ್.ವರ್ಲ್ಡ್ ಸೇರಿಸಿ. ಎರಡನ್ನೂ ಮಾಡಿದರೆ ಮತ್ತೆ 0ಗೆ ಬಂದು ನಿಲ್ಲುತ್ತೀರಿ. ಮತ್ತೊಂದು ಎಂಜಿನ್ ಆದ ಅನ್‌ರಿಯಲ್‌ನ ಪ್ರೊಜೆಕ್ಟೈಲ್ ಮೂವ್‌ಮೆಂಟ್ ಕಾಂಪೊನೆಂಟಿನಲ್ಲೂ ಇದೇ ಬಲೆ ಇದೆ. ಆರಂಭದ ವೇಗವನ್ನು ಸ್ವಂತ ಅಕ್ಷದಲ್ಲಿ ಓದು ಎಂಬ ಟಿಕ್ ಅಲ್ಲಿ ಮೊದಲೇ ಹಾಕಿರುತ್ತದೆ.

67 ಎಂದರೆ 90ರಲ್ಲಿ 23 ಕಳೆದದ್ದು. ಅಟ್ಯಾನ್2ಕ್ಕೆ ಕೊಟ್ಟ ಎರಡು ಸಂಖ್ಯೆಗಳು ಅದಲುಬದಲಾಗಿವೆ, ಅಥವಾ ಕಾಸ್ ಇರಬೇಕಾದಲ್ಲಿ ಸೈನ್ ಇದೆ.

337 ಎಂದರೆ ಮೈನಸ್ 23. ಪರದೆಯ ವೈ ಅಕ್ಷ ಕೆಳಮುಖವಾಗಿರುವ ಕಡೆ ಇದು ಬರುತ್ತದೆ. ಪೈಥಾನ್ ಭಾಷೆಯ ಆಟದ ಲೈಬ್ರರಿ ಆದ ಪೈಗೇಮ್‌ನಲ್ಲಿ ಚಿತ್ರ ತಿರುಗಿಸುವ ಫಂಕ್ಷನ್ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸುತ್ತದೆ, ವೈ ಮಾತ್ರ ಕೆಳಗೆ ಹೋದಂತೆ ಹೆಚ್ಚುತ್ತದೆ. ಹಾಗಾಗಿ ಅಲ್ಲಿ ವೈ ಭಾಗಕ್ಕೆ ಸೈನ್‌ನ ಮುಂದೆ ಮೈನಸ್ ಬೇಕು. ಮೈನಸ್ ಚಿಹ್ನೆ ನ್ಯಾಯವಾಗಿ ಬರುವ ಜಾಗ ಇದು.

203 ಬಂದರೆ ಹಿಂದುಮುಂದು. ಗೊಡೊದ 3ಡಿಯಲ್ಲಿ ಮುಂದಿನ ದಿಕ್ಕು ಮೈನಸ್ ಝೆಡ್, ಪ್ಲಸ್ ಅಲ್ಲ. ಯೂನಿಟಿಯಿಂದ ಅಲ್ಲಿಗೆ ಹೋದವರು ಗ್ಲೋಬಲ್ ಟ್ರಾನ್ಸ್‌ಫಾರ್ಮಿನ ಬೇಸಿಸ್.ಝೆಡ್ ಅನ್ನು ಹಾಗೇ ಬಳಸಿದರೆ ಗುಂಡು ಬೆನ್ನ ಹಿಂದೆ ಹೊರಡುತ್ತದೆ. ಜೊತೆಗೆ ಪಾತ್ರದ ಸ್ಕೇಲ್ 1 ಅಲ್ಲದಿದ್ದರೆ ಆ ವೆಕ್ಟರಿನ ಉದ್ದವೂ 1 ಆಗಿರುವುದಿಲ್ಲ. ನಾರ್ಮಲೈಸ್ ಮಾಡದೆ, ಅಂದರೆ ದಿಕ್ಕು ಉಳಿಸಿ ಉದ್ದವನ್ನು 1 ಮಾಡಿಕೊಳ್ಳದೆ, ವೇಗದಿಂದ ಗುಣಿಸಬೇಡಿ.

113 ಅಥವಾ 293, ಅಂದರೆ 90ರಷ್ಟು ಆಚೀಚೆ ಬಂದರೆ ಎಂಜಿನ್ನಿನ ಮುಂದಿನ ಅಕ್ಷವೂ ಚಿತ್ರದ ಮುಂದಿನ ಅಕ್ಷವೂ ಬೇರೆ. ಅನ್‌ರಿಯಲ್‌ನಲ್ಲಿ ಮುಂದೆ ಎಂದರೆ ಎಕ್ಸ್. 2ಡಿಯಲ್ಲಿ ಸೊನ್ನೆ ಡಿಗ್ರಿ ಎಂದರೆ ಬಲಗಡೆ, ಆದರೆ ಚಿತ್ರಗಾರರು ಬಾಣ, ರಾಕೆಟ್‌ಗಳನ್ನು ಮೇಲ್ಮುಖವಾಗಿ ಬರೆದು ಕೊಡುತ್ತಾರೆ. ಇಲ್ಲಿ ಒಂದು ಎಚ್ಚರ: ಗುಂಡು ಹೋಗುವ ಕೋನ ಮತ್ತು ಗುಂಡಿನ ಚಿತ್ರ ನೋಡುವ ಕೋನ ಎರಡನ್ನೂ ಬೇರೆಬೇರೆಯಾಗಿ ಮುದ್ರಿಸಿ. ಹೋಗುವುದು ಸರಿಯಿದ್ದು ಚಿತ್ರ ಮಾತ್ರ ಅಡ್ಡ ಇದ್ದರೆ ಕೋಡ್ ಮುಟ್ಟಬೇಡಿ. ಖಾಲಿ ಆಬ್ಜೆಕ್ಟನ್ನು ತಾಯಿಯಾಗಿಟ್ಟು, ಚಿತ್ರವನ್ನು ಅಥವಾ ಮೆಶ್ಶನ್ನು ಮಗುವಾಗಿ ಅದರೊಳಗೆ ಹಾಕಿ, ಮಗುವನ್ನು ಮಾತ್ರ 90 ತಿರುಗಿಸಿ. ವೇಗ, ಡಿಕ್ಕಿ ಎಲ್ಲ ತಾಯಿಯ ಲೆಕ್ಕದಲ್ಲೇ ಇರಲಿ.

ಎಡ, ಬಲ ಎಂದು ಎರಡೇ ದಿಕ್ಕಿರುವ ಪಕ್ಕನೋಟದ ಆಟಕ್ಕೆ ಈ ಕೋನದ ಪರೀಕ್ಷೆ ಒದಗುವುದಿಲ್ಲ. ಅಲ್ಲಿಯ ತೊಂದರೆ ಬೇರೆ, ಅದಕ್ಕೆ ಮೂರು ಮುಖ ಇವೆ. 2ಡಿ ಚಿತ್ರ ತೋರಿಸುವ ಸ್ಪ್ರೈಟ್ ರೆಂಡರರ್‌ನ ಫ್ಲಿಪ್ ಎಕ್ಸ್ ಬಳಸಿದರೆ ಚಿತ್ರ ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಜಾಗ, ತಿರುವು, ಸ್ಕೇಲ್ ಇಟ್ಟುಕೊಳ್ಳುವ ಟ್ರಾನ್ಸ್‌ಫಾರ್ಮಿಗೆ ಅದರ ಸುದ್ದಿಯೇ ಇಲ್ಲ, ನಳಿಗೆಯ ತುದಿ ಬಲಗಡೆಯೇ ಉಳಿಯುತ್ತದೆ. ಗುಂಡು ಬೆನ್ನ ಹಿಂದಿನಿಂದ ಹುಟ್ಟಿ ಬಲಕ್ಕೆ ಹೋಗುತ್ತದೆ. ಲೋಕಲ್‌ಸ್ಕೇಲ್‌ನ ಎಕ್ಸ್ ಅನ್ನು ಮೈನಸ್ 1 ಮಾಡಿದರೆ ತುದಿ ಎಡಕ್ಕೆ ಬರುತ್ತದೆ, ಆದರೆ ಟ್ರಾನ್ಸ್‌ಫಾರ್ಮ್.ರೈಟ್ ಬದಲಾಗುವುದಿಲ್ಲ. ಅದು ತಿರುವಿನಿಂದ ಬರುವ ದಿಕ್ಕು, ಸ್ಕೇಲಿನಿಂದ ಬರುವುದಲ್ಲ. ಆಗ ಗುಂಡು ಎಡಗಡೆಯ ನಳಿಗೆಯಿಂದ ಹೊರಟು ಪಾತ್ರದ ಮೈಯೊಳಗೇ ಹಾದು ಬಲಕ್ಕೆ ಹೋಗುತ್ತದೆ. ವೈ ಅಕ್ಷದ ಸುತ್ತ 180 ಡಿಗ್ರಿ ತಿರುಗಿಸಿದರೆ ತುದಿಯ ಜಾಗವೂ ರೈಟ್‌ನ ದಿಕ್ಕೂ ಎರಡೂ ಸರಿಯಾಗುತ್ತವೆ. ನಮಗೆ ಹಿಡಿಸಿದ್ದು ಇದೇ. ಮಗುವಾಗಿ ಅಂಟಿಸಿದ ಹೆಸರಿನ ಪಟ್ಟಿ, ಆರೋಗ್ಯದ ಪಟ್ಟಿಗಳೂ ತಿರುಗಿಬಿಡುತ್ತವೆ, ಅವನ್ನು ತಿರುಗುವ ಭಾಗದಿಂದ ಹೊರಗಿಡಬೇಕು ಅಷ್ಟೆ.

ತಿರುಗಿಸಲು ಆಗದ ಯೋಜನೆಯಾದರೆ ಪಾತ್ರದ ಸ್ಕ್ರಿಪ್ಟಿನಲ್ಲಿ 'ಮುಖ' ಎಂಬ ಒಂದು ಪೂರ್ಣಾಂಕ ಇಟ್ಟುಕೊಳ್ಳಿ, 1 ಅಥವಾ ಮೈನಸ್ 1. ಇನ್‌ಪುಟ್ 0.1ಕ್ಕಿಂತ ಹೆಚ್ಚಿದ್ದರೆ 1, ಮೈನಸ್ 0.1ಕ್ಕಿಂತ ಕಡಿಮೆ ಇದ್ದರೆ ಮೈನಸ್ 1, ನಡುವೆ ಇದ್ದರೆ ಹಳೆಯ ಬೆಲೆಯೇ ಉಳಿಯಲಿ. ಇದನ್ನು ಒಂದೇ ಸಾಲಿನಲ್ಲಿ ಮುಗಿಸಲು ಚಿಹ್ನೆ ಹೇಳುವ ಫಂಕ್ಷನ್ ಬಳಸಬೇಡಿ. ಯೂನಿಟಿಯ ಮ್ಯಾಥ್‌ಎಫ್‌ನಲ್ಲಿ ಅದು ಸೊನ್ನೆಗೂ 1 ಎಂದೇ ಉತ್ತರಿಸುತ್ತದೆ. ಕೀ ಬಿಟ್ಟ ಕೂಡಲೇ ಪಾತ್ರ ಬಲಕ್ಕೆ ತಿರುಗುವುದು ಅದರಿಂದಲೇ. ಗೊಡೊದಲ್ಲಿ ಸೊನ್ನೆಗೆ ಸೊನ್ನೆ ಸಿಗುತ್ತದೆ, ಗುಂಡು ಹುಟ್ಟಿದ ಜಾಗದಲ್ಲೇ ನೇತಾಡುತ್ತದೆ. ಮುಖವನ್ನು ಪಾತ್ರದ ವೇಗದಿಂದಲೂ ಲೆಕ್ಕ ಹಾಕಬೇಡಿ. ಏಟು ತಿಂದು ಹಿಂದಕ್ಕೆ ಜಾರುವಾಗ ಪಾತ್ರ ಶತ್ರುವಿಗೆ ಬೆನ್ನು ತೋರಿಸುತ್ತದೆ.

ಮೇಲಿನಿಂದ ನೋಡುವ, ಎಂಟು ದಿಕ್ಕಿನ ಆಟದಲ್ಲೂ 'ಕೊನೆಯ ಸೊನ್ನೆಯಲ್ಲದ ದಿಕ್ಕು' ನೆನಪಿಡುವುದು ಇದೇ ರೀತಿ. ಓರೆ ದಿಕ್ಕಿನ 1, 1ರ ಉದ್ದ 1.414. ನಾರ್ಮಲೈಸ್ ಮಾಡದಿದ್ದರೆ ಓರೆಗೆ ಹಾರುವ ಗುಂಡು ಶೇ 41ರಷ್ಟು ಜೋರಾಗಿ ಹೋಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಿರಿಕಿರಿ ಇದೆ. ಆಟಗಾರ ಓರೆಗೆ ನಡೆದು ಎರಡೂ ಕೀಗಳನ್ನು ಒಟ್ಟಿಗೇ ಬಿಟ್ಟೆ ಎಂದುಕೊಳ್ಳುತ್ತಾನೆ. ನಿಜಕ್ಕೂ ಒಂದು ಕೀ ಎರಡು ಮೂರು ಫ್ರೇಮ್ ಮೊದಲೇ ಮೇಲೆದ್ದಿರುತ್ತದೆ. ಆ ಎರಡು ಫ್ರೇಮಿನಲ್ಲಿ ಮುಖ ನೇರ ದಿಕ್ಕಿಗೆ ಹೊರಳಿ ಅಲ್ಲೇ ನಿಲ್ಲುತ್ತದೆ, ನಿಂತು ಓರೆಗೆ ಗುಂಡು ಹಾರಿಸಲು ಆಗುವುದೇ ಇಲ್ಲ. ಓರೆಯಿಂದ ನೇರಕ್ಕೆ ಬದಲಾಗುವಾಗ ಮಾತ್ರ ಸುಮಾರು 0.08 ಸೆಕೆಂಡ್ ಕಾದು, ಆ ಕೀ ಇನ್ನೂ ಒತ್ತಿಯೇ ಇದ್ದರೆ ಮುಖ ಬದಲಿಸಿ. 60 ಫ್ರೇಮಿನ ಆಟದಲ್ಲಿ ಅದು ಐದು ಫ್ರೇಮ್. ನಡಿಗೆಗೆ ಈ ತಡ ಹಾಕಬೇಡಿ, ಮುಖಕ್ಕೆ ಮಾತ್ರ.

ಮೌಸ್ ತೋರಿದ ಕಡೆಗೆ ಹಾರಿಸುವ 2ಡಿ ಆಟದಲ್ಲಿ ಗುಂಡಿನ ವೇಗ ಮೌಸ್ ಎಷ್ಟು ದೂರವಿದೆ ಎಂಬುದರ ಮೇಲೆ ಬದಲಾಗುತ್ತಿದ್ದರೆ ಝೆಡ್ ನೋಡಿ. ಆರ್ಥೊಗ್ರಾಫಿಕ್ (ದೂರಕ್ಕೆ ತಕ್ಕಂತೆ ಗಾತ್ರ ಬದಲಿಸಿ ತೋರಿಸದ) ಕ್ಯಾಮೆರಾದ ಝೆಡ್ ಮೈನಸ್ 10 ಇದ್ದಾಗ, ಝೆಡ್ ಸೊನ್ನೆಯಿರುವ ಮೌಸ್ ಬಿಂದುವನ್ನು ಲೋಕದ ಬಿಂದುವಾಗಿ ಬದಲಿಸಿದರೆ ಅದರ ಝೆಡ್ ಮೈನಸ್ 10 ಎಂದೇ ಬರುತ್ತದೆ. ಮೌಸ್ 5 ಯೂನಿಟ್ ದೂರದಲ್ಲಿದ್ದರೆ ವ್ಯತ್ಯಾಸ 5, 0, ಮೈನಸ್ 10. ನಾರ್ಮಲೈಸ್ ಮಾಡಿದ ಮೇಲೆ ಪರದೆಯ ಮೇಲೆ ಉಳಿಯುವುದು 0.447, ಅಂದರೆ ಅರ್ಧಕ್ಕಿಂತ ಕಡಿಮೆ ವೇಗ. ವ್ಯತ್ಯಾಸವನ್ನು ಮೊದಲು ವೆಕ್ಟರ್2 ಮಾಡಿ, ಆಮೇಲೆ ನಾರ್ಮಲೈಸ್ ಮಾಡಿ.

ಹಾರಿದ ಮೇಲೂ ಗುಂಡು ಪಾತ್ರದ ಜೊತೆ ತಿರುಗುತ್ತಿದ್ದರೆ ಕಾರಣ ಎರಡರಲ್ಲಿ ಒಂದು. ಗುಂಡು ಪಾತ್ರದ ಮಗುವಾಗಿ ಹುಟ್ಟಿದೆ, ಇಲ್ಲವೇ ಗುಂಡಿನ ಅಪ್‌ಡೇಟ್ ಪ್ರತಿ ಫ್ರೇಮಿನಲ್ಲೂ ಪಾತ್ರದ ಮುಖವನ್ನು ಕೇಳುತ್ತಿದೆ. ದಿಕ್ಕನ್ನು ಬಂದೂಕಿನ ಕುದುರೆ (ಟ್ರಿಗರ್) ಎಳೆದ ಕ್ಷಣದಲ್ಲಿ ಒಮ್ಮೆ ನಕಲು ಮಾಡಿ ಗುಂಡಿಗೆ ಕೊಡಿ, ಆಮೇಲೆ ಗುಂಡಿಗೂ ಪಾತ್ರಕ್ಕೂ ಸಂಬಂಧ ಇರಬಾರದು. ಗುಂಡುಗಳನ್ನು ಮರುಬಳಸುವ ಪೂಲ್ ಇದ್ದರೆ ಹಾರಿಸುವ ಫಂಕ್ಷನ್ ಒಂದೇ ಇರಲಿ. ಜಾಗ, ತಿರುವು, ವೇಗ, ಸುತ್ತುವ ವೇಗ ನಾಲ್ಕನ್ನೂ ಅದೇ ಹೊಸದಾಗಿ ಬರೆಯಲಿ, ಗುಂಡಿನ ಹಿಂದೆ ಗೆರೆ ಬಿಡಿಸುವ ಟ್ರೇಲ್ ರೆಂಡರರನ್ನು ಕ್ಲಿಯರ್ ಮಾಡಲಿ. ಇಲ್ಲದಿದ್ದರೆ ಹಿಂದೆ ಸತ್ತ ಜಾಗದಿಂದ ಹೊಸ ನಳಿಗೆಯವರೆಗೆ ಒಂದು ಉದ್ದನೆಯ ಗೆರೆ ಎಳೆದುಕೊಳ್ಳುತ್ತದೆ.

ಕೋನ 23 ಎಂದು ಮುದ್ರಿಸಿಯೂ ಕಣ್ಣಿಗೆ ಗುಂಡು ಎಲ್ಲೆಲ್ಲೋ ಹೋದರೆ ಅದು ಹಾರಿಸಿದವನ ಮೈಗೇ ಡಿಕ್ಕಿ ಹೊಡೆದಿದೆ. ಗುಂಡು ಮೇಲಕ್ಕೆ ಚಿಮ್ಮುವುದು, ಪಾತ್ರ ಹಿಂದಕ್ಕೆ ಜಗ್ಗುವುದು ಇದರ ಲಕ್ಷಣ. ಪಾತ್ರಕ್ಕೂ ಅದರ ಗುಂಡುಗಳಿಗೂ ಬೇರೆ ಬೇರೆ ಲೇಯರ್ ಕೊಟ್ಟು, ಡಿಕ್ಕಿಯ ಮ್ಯಾಟ್ರಿಕ್ಸಿನಲ್ಲಿ ಆ ಜೋಡಿಯ ಟಿಕ್ ತೆಗೆಯಿರಿ. ಗೋಡೆ ತೂರಿ ಹೋಗುವುದಂತೂ ಬರೀ ಲೆಕ್ಕ: ಸೆಕೆಂಡಿಗೆ 40 ಮೀಟರ್ ವೇಗದ ಗುಂಡು 0.02 ಸೆಕೆಂಡಿನ ಒಂದು ಹೆಜ್ಜೆಯಲ್ಲಿ 0.8 ಮೀಟರ್ ದಾಟುತ್ತದೆ, ಗೋಡೆ 0.3 ಮೀಟರ್ ದಪ್ಪವಿದ್ದರೆ ಎಷ್ಟೋ ಸಲ ಅದಕ್ಕೆ ಕಾಣುವುದೇ ಇಲ್ಲ. ಡಿಕ್ಕಿ ಪತ್ತೆಯನ್ನು ಕಂಟಿನ್ಯುಯಸ್ ಮಾಡಿ, ಅಥವಾ ಹಿಂದಿನ ಜಾಗದಿಂದ ಈಗಿನ ಜಾಗಕ್ಕೆ ರೇಕಾಸ್ಟ್ ಹಾಕಿ, ಅಂದರೆ ನಡುವೆ ಏನಾದರೂ ತಾಗುತ್ತದೆಯೇ ಎಂದು ಒಂದು ಕಿರಣ ಬಿಟ್ಟು ನೋಡಿ.

ಭುಜದ ಹಿಂದೆ ಕ್ಯಾಮೆರಾ ಇರುವ ಆಟದಲ್ಲಿ ಪಾತ್ರದ ಮುಖದ ದಿಕ್ಕು ಸಾಲದು. ಮೈ ಎಡಬಲಕ್ಕೆ ಮಾತ್ರ ತಿರುಗುತ್ತದೆ, ಮೇಲೆ ಕೆಳಗೆ ನೋಡುವುದು ಕ್ಯಾಮೆರಾ. ಪರದೆಯ ನಡುವಿನಿಂದ ಒಂದು ಕಿರಣ ಬಿಟ್ಟು, ಅದು ತಾಗಿದ ಬಿಂದುವನ್ನು ಗುರಿ ಮಾಡಿಕೊಳ್ಳಿ. ಏನೂ ತಾಗದಿದ್ದರೆ 100 ಮೀಟರ್ ದೂರದ ಬಿಂದು. ಗುರಿಯಿಂದ ನಳಿಗೆಯ ತುದಿಯನ್ನು ಕಳೆದು ನಾರ್ಮಲೈಸ್ ಮಾಡಿದರೆ ದಿಕ್ಕು ಸಿಕ್ಕಿತು. ಕ್ಯಾಮೆರಾಕ್ಕೂ ಪಾತ್ರಕ್ಕೂ ನಡುವೆ ಒಂದು ಕಂಬ ಬಂದರೆ ಕಿರಣ ಅದಕ್ಕೇ ತಾಗಿ, ಗುರಿ ನಳಿಗೆಯ ಹಿಂದೆ ಬಿದ್ದು, ಗುಂಡು ಆಟಗಾರನ ಕಡೆಗೇ ಹಾರುತ್ತದೆ. ಈ ದಿಕ್ಕು ಮತ್ತು ಕ್ಯಾಮೆರಾದ ಫಾರ್ವರ್ಡ್ ಎರಡರ ಡಾಟ್ ಗುಣಲಬ್ಧ ಸೊನ್ನೆಗಿಂತ ಕಡಿಮೆ ಬಂದರೆ, ಅಂದರೆ ಎರಡೂ ಎದುರುಬದುರು ದಿಕ್ಕಿನ ಕಡೆಗಿದ್ದರೆ, ಆ ತಾಗಿದ ಬಿಂದುವನ್ನು ಬಿಟ್ಟು, ಕಿರಣವನ್ನು ನಳಿಗೆಯ ತುದಿಯಷ್ಟು ಮುಂದಿನಿಂದ ಮತ್ತೊಮ್ಮೆ ಬಿಡಿ.