ಅಲೆಖಿನ್ ಡಿಫೆನ್ಸ್ ಪ್ರಯೋಗ: 11ನೇ ವಾರ

ಅಂತೂ ಒಂದು ಗೆಲುವು ಬಂತು. ಅಲೆಖಿನ್ ಡಿಫೆನ್ಸ್ ಅನ್ನೋ ಈ ಚೆಸ್ ಆರಂಭವನ್ನು ಹಿಡಿದ ಮೇಲೆ ಕ್ಲಬ್ಬಿನಲ್ಲಿ ಕಪ್ಪು ಕಾಯಿಯಲ್ಲಿ ಆರು ಆಟ ಆಡಿದ್ದೆ. ನಾಲ್ಕು ಸೋಲು, ಎರಡು ಡ್ರಾ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಿಳಿ ಕಾಯಿಯವರು ಪೇದೆಯನ್ನು ಇ4 ಮನೆಗೆ ಆಡಿದ ಕೂಡಲೇ ನಮ್ಮ ಕುದುರೆ ಎಫ್6ಕ್ಕೆ ಬಂದು ‘ಬಾ, ಓಡಿಸು ನೋಡೋಣ’ ಅನ್ನುತ್ತದೆ. ಪೇದೆಗಳು ಅಟ್ಟಿಸಿಕೊಂಡು ಮುಂದೆ ಬರುತ್ತವೆ, ಆಮೇಲೆ ಆ ಪೇದೆಗಳಿಗೇ ನಾವು ಕೈ ಹಾಕಬೇಕು. 1921ರಲ್ಲಿ ಬುಡಾಪೆಸ್ಟ್‌ನಲ್ಲಿ ಅಲೆಖಿನ್ ಅನ್ನೋ ಆಟಗಾರ ಆಡಿದ್ದರಿಂದ ಈ ಹೆಸರು. 1972ರ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯದಲ್ಲಿ ಸ್ಪಾಸ್ಕಿ ಎದುರು 13ನೇ ಆಟದಲ್ಲಿ ಫಿಶರ್ ಗೆದ್ದಿದ್ದೂ ಇದರಲ್ಲೇ.

ಭಾನುವಾರ ಎದುರಿಗಿದ್ದವರು ಒಬ್ಬ ರಿಟೈರ್ಡ್ ಮೇಷ್ಟ್ರು. ಐದನೇ ನಡೆಗೆ ಸಿ4, ಡಿ4, ಇ5, ಎಫ್4, ನಾಲ್ಕು ಪೇದೆ ಮುಂದೆ ಬಂದು ನಿಂತಿದ್ದವು. ನನ್ನ ಕುದುರೆ ಬಿ6ರಲ್ಲಿ ಮೂಲೆ ಹಿಡಿದಿತ್ತು. ಇ5ರಲ್ಲಿ ಪೇದೆಗೆ ಪೇದೆ ಹೋಯಿತು. ಇನ್ನೊಂದು ಕುದುರೆಯನ್ನು ಸಿ6ಕ್ಕೆ ತಂದೆ. ಅವರು ಕುದುರೆ ಎಫ್3, ನಾನು ಒಂಟೆ ಜಿ4, ಅವರು ಒಂಟೆ ಇ3. ನಾನು ಎಫ್3ರ ಕುದುರೆ ಹೊಡೆದೆ. ಮೇಷ್ಟ್ರು ಸುಮ್ನೆ ರಾಣಿಯಲ್ಲಿ ವಾಪಸ್ ಹೊಡೆದರು! ಜಿ ಪೇದೆಯಲ್ಲಿ ಹೊಡೆಯಬೇಕಿತ್ತು. ಈಗ ಡಿ4ರ ಪೇದೆ ಕಾಯೋಕೆ ಒಂಟೆ ಒಂದೇ. ಕುದುರೆಯಿಂದ ಆ ಪೇದೆಯನ್ನು ಎತ್ತಿದೆ, ಅವರ ಒಂಟೆ ನನ್ನ ಕುದುರೆಯನ್ನು ತೆಗೆಯಿತು, ನನ್ನ ರಾಣಿ ಆ ಒಂಟೆಯನ್ನು. ಅವರು ಬಿ7 ತಿಂದರು, ನಾನು ಚೆಕ್ ಕೊಟ್ಟು ಇ5 ತಿಂದೆ.

ಆಮೇಲೆ ಬಿ2ಕ್ಕೆ ಆನೆ ನುಗ್ಗಿಸಿ ಸಿ3ರ ಕುದುರೆಯನ್ನೂ ಎತ್ತಿದೆ. ಅಲ್ಲಿ ಅವರು ಆನೆ ಡಿ1 ಆಡಿದರು. ಇ2ರ ಒಂಟೆ ಬಿಟ್ಟಿ ಸಿಗುವ ಹಾಗೆ ಕಾಣುತ್ತಿತ್ತು. ಆನೆಯನ್ನು ಬೆರಳಲ್ಲಿ ಮುಟ್ಟುವುದೊಂದೇ ಬಾಕಿ. ಕೈ ಹಿಂದೆ ತೆಗೆದೆ, ಯಾಕೆ ಅಂದರೆ ಸಿ6ರಲ್ಲಿದ್ದ ಅವರ ರಾಣಿ ಡಿ7ರ ಕುದುರೆ ಹೊಡೆದರೆ ಹಿಂದೆ ಆನೆಯ ಬಲ, ನೇರ ಮೇಟ್. ಮುಟ್ಟಿದ್ದರೆ ಅದನ್ನೇ ಆಡಬೇಕಿತ್ತು, ಅಲ್ವಾ. ನೀರು ಕುಡಿದು ಬಂದು ರಾಣಿ ಇ3 ಚೆಕ್, ರಾಜ ಎಚ್1, ರಾಣಿ ಇ6. ರಾಣಿಗಳು ಬದಲಾದವು, ನನಗೆ ಒಂದು ಕುದುರೆ ಜಾಸ್ತಿ. ಉಳಿದದ್ದು ಬರೀ ಲೆಕ್ಕ.

ಎಂಟನೇ ನಡೆಯಲ್ಲಿ ಮೇಷ್ಟ್ರು ಒಂಟೆ ಆಡುವ ಬದಲು ಇ6ಕ್ಕೆ ಪೇದೆ ತಳ್ಳಿ ಅದನ್ನು ಬಲಿ ಕೊಟ್ಟಿದ್ದರೆ ಕಥೆ ಬೇರೆ. ಆ ಬಲಿಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ, ನಾಲ್ಕು ಸೋಲಿನಲ್ಲಿ ಎರಡು ಅದರಿಂದಲೇ ಬಂದವು. ಈ ವಾರ ಬೋರ್ಡ್ ಮೇಲೆ ಅದನ್ನೇ ಇಟ್ಟುಕೊಂಡು ಕೂರುತ್ತೇನೆ.