ಐನೂರು ರೂಪಾಯಿಯ ಲೆಕ್ಕ

2000ದ ಮಳೆಗಾಲ. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಬಿಡುವುದಿಲ್ಲ. ಎಲ್‌ಎಲ್‌ಬಿ ಮೂರನೇ ವರ್ಷಕ್ಕೆ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ ಪಾಠ ಮಾಡುತ್ತಿದ್ದ ನಮ್ಮ ಸರ್ ತೊಯ್ದ ಛತ್ರಿಯನ್ನು ಬಾಗಿಲ ಹಿಂದೆ ಆನಿಸಿಟ್ಟು, ಬೋರ್ಡಿನ ಮೇಲೆ ಎರಡೇ ಅಂಕಿ ಬರೆದರು: 125, 500.

ಮೊದಲನೆಯದು ಕಲಂ. ಗಂಡ ಕೈಬಿಟ್ಟ ಹೆಂಡತಿ, ಮಕ್ಕಳು, ಮುಪ್ಪಿನ ತಂದೆತಾಯಿ ಜೀವನಾಂಶ ಕೇಳುವ ಕಲಂ. ಎರಡನೆಯದು ತಿಂಗಳಿಗೆ ಕೊಡಿಸಬಹುದಾದ ಗರಿಷ್ಠ ಮೊತ್ತ. 1955ರಲ್ಲಿ ನೂರು ಇದ್ದದ್ದನ್ನು ಐನೂರಕ್ಕೆ ಏರಿಸಿದ್ದರು. ಕೆಲವು ರಾಜ್ಯಗಳು ತಮ್ಮ ಮಟ್ಟಿಗೆ ಹೆಚ್ಚಿಸಿಕೊಂಡಿದ್ದವು, ಕೇಂದ್ರ ಕಾಯ್ದೆಯಲ್ಲಿ ಮಾತ್ರ ನಲವತ್ತೈದು ವರ್ಷವಾದರೂ ಆ ಅಂಕಿ ಕದಲಿರಲಿಲ್ಲ.

ನಾವು ಬರೆದುಕೊಳ್ಳಲು ಪೆನ್ನು ತೆಗೆದೆವು. ಸರ್ ಬೇಡವೆಂದರು. "ಇವತ್ತ ಸಂಜಿಕೆ ಎಲ್ಲಾರೂ ಸೂಪರ್ ಮಾರ್ಕೆಟ್ಟಿಗೆ ಹೋಗ್ರಿ. ಒಬ್ಬಾಕಿ ಹೆಣ್ಮಗಳು, ಒಂದು ಕೂಸು, ಐನೂರು ರೂಪಾಯಿ. ಒಂದು ತಿಂಗಳು ಸಂಸಾರ ನಡಿಸಿ ಬರಕೊಂಡು ಬರ್ರಿ."

ಹೋದೆವು. ಸೂಪರ್ ಮಾರ್ಕೆಟ್ ಎಂದರೆ ಧಾರವಾಡದ ಪೇಟೆ. ಜೋಳ, ತೊಗರಿಬೇಳೆ, ಎಣ್ಣೆ, ಸೀಮೆಎಣ್ಣೆ, ಚಹಾಪುಡಿ, ಸೋಪು, ಕೂಸಿನ ಹಾಲು. ಕೆಸರಿನಲ್ಲಿ ನಿಂತು ಒಬ್ಬೊಬ್ಬ ಅಂಗಡಿಯವರನ್ನೂ ದರ ಕೇಳಿ ಬರೆದುಕೊಂಡೆ. ಒಂದು ಕೋಣೆಯ ಬಾಡಿಗೆ ತೆಗೆದಿಟ್ಟ ಮೇಲೆ ನನ್ನ ಲೆಕ್ಕ ಹನ್ನೊಂದನೇ ತಾರೀಖಿಗೆ ನಿಂತಿತು. ಮರುದಿನ ಕ್ಲಾಸಿನಲ್ಲಿ ಮೂವತ್ತನೇ ತಾರೀಖು ಮುಟ್ಟಿದವನು ಒಬ್ಬನೇ. ಸರ್ ಅವನ ಹಾಳೆ ನೋಡಿ, "ಬಾಡಿಗಿ ಎಲ್ಲೈತಪಾ?" ಅಂದರು.

"ತವರುಮನ್ಯಾಗ ಇರ್ತಾಳ್ರಿ ಸರ್."

ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ತವರುಮನಿ ಬಾಗಿಲ ತೆರದಿದ್ರ ಆಕಿ ಕೋರ್ಟಿಗೆ ಯಾಕ ಬರತಿದ್ಲು?"

ಅದಾದ ಮೇಲೆ ಸುಪ್ರೀಂ ಕೋರ್ಟಿನ 1978ರ ತೀರ್ಪನ್ನು ಓದಿಸಿದರು. ಕಾಯ್ದೆಯಲ್ಲಿ 'ಒಟ್ಟಾರೆ' ಐನೂರು ಎಂದಿದ್ದುದಕ್ಕೆ, ಅದು ಇಡೀ ಕುಟುಂಬಕ್ಕಲ್ಲ, ಹೆಂಡತಿ ಮತ್ತು ಪ್ರತಿ ಮಗುವಿಗೆ ಬೇರೆ ಬೇರೆಯಾಗಿ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅರ್ಥ ಹೇಳಿದ ಕ್ಯಾಪ್ಟನ್ ರಮೇಶ್ ಚಂದರ್ ಕೌಶಲ್ ಪ್ರಕರಣ ಅದು. ಒಂದು ಪದವನ್ನು ಹೀಗೆ ಓದಿದರೆ ಮೂರು ಜನ ಉಪವಾಸ, ಹಾಗೆ ಓದಿದರೆ ಊಟ ಎನ್ನುವುದು ನನಗೆ ಅಂದು ತಿಳಿಯಿತು. ಸರ್ ತಮ್ಮ ಹೆಸರು ಎಲ್ಲಿಯೂ ಅಚ್ಚಾಗುವುದನ್ನು ಇಷ್ಟಪಡುತ್ತಿರಲಿಲ್ಲ, ಹಾಗಾಗಿ ಇಲ್ಲಿಯೂ ಹಾಕುತ್ತಿಲ್ಲ. ಆದರೆ ಇಪ್ಪತ್ತನಾಲ್ಕು ವರ್ಷದ ನನ್ನ ವಕೀಲಿಕೆ ನಿಂತಿರುವುದು ಅವರು ಮಾಡಿಸಿದ ಆ ಒಂದು ಹಾಳೆಯ ಮೇಲೆ.

ನಾವು ಕೊನೆಯ ಪರೀಕ್ಷೆ ಬರೆದು ಹೊರಬಿದ್ದ ವರ್ಷವೇ, 2001ರ ಸೆಪ್ಟೆಂಬರ್‌ನಲ್ಲಿ, ತಿದ್ದುಪಡಿ ಜಾರಿಗೆ ಬಂದು ಐನೂರರ ಮಿತಿ ಹೋಯಿತು. ಉತ್ತರಪತ್ರಿಕೆಯಲ್ಲಿ ಅದೇ ಅಂಕಿ ಬರೆದು ಬಂದಿದ್ದ ನಾನು ಸುದ್ದಿ ಓದಿ ಅತ್ತಿದ್ದೆ. ಸಂತೋಷಕ್ಕೆ.

ಸನದು ಪಡೆದ ಮೇಲೆ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್ ಸೇರಿದೆ. 1987ರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಇದನ್ನು ಇಂದಿಗೂ ಎಷ್ಟೋ ಜನಕ್ಕೆ ಹೇಳಿ ನಂಬಿಸಬೇಕು. ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು ಫ್ಲೇವಿಯಾ ಆಗ್ನೆಸ್ ಅವರ ಬದುಕು. ಮಂಗಳೂರಿನ ಕದ್ರಿಯಲ್ಲಿ ಬೆಳೆದ ಹುಡುಗಿ, ಮದುವೆಯಲ್ಲಿ ವರ್ಷಗಟ್ಟಲೆ ಹೊಡೆತ ತಿಂದು, ಮಕ್ಕಳ ತಾಯಿಯಾದ ಮೇಲೆ ಕಾನೂನು ಓದಿ ಮುಂಬೈಯಲ್ಲಿ ವಕೀಲಿಕೆಗಿಳಿದವರು. ತನ್ನಂಥವರಿಗಾಗಿಯೇ 'ಮಜ್ಲಿಸ್' ಎಂಬ ಕಾನೂನು ನೆರವಿನ ಸಂಸ್ಥೆ ಕಟ್ಟಿದರು. ನಮ್ಮ ಕಡೆಯ ನೆಲದಲ್ಲಿ ಬೆಳೆದವರು ಎನ್ನುವುದೇ ನನಗೆ ದೊಡ್ಡ ಆಸರೆಯಾಗಿತ್ತು.

ನನ್ನ ಬಳಿ ಬಂದ ಮೊದಲ ಹೆಂಗಸಿನ ಕೈಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ಊರು, ಹೆಸರು ಬೇಡ. ಗಂಡ ರಾತ್ರಿ ಹೊಡೆದು ಹೊರಗೆ ಹಾಕಿದ್ದ. ಹೆಂಡತಿಯನ್ನು ಹಿಂಸಿಸುವ ಗಂಡನಿಗೆ ಜೈಲು ವಿಧಿಸುತ್ತಿದ್ದ ಐಪಿಸಿಯ 498ಎ ಕಲಮಿನಡಿ ದೂರು ಕೊಡೋಣ ಎಂದೆ. ಅವಳು ಟ್ರಂಕಿನ ಮೇಲೆ ಕೈಯಿಟ್ಟು, "ಅಕ್ಕಾರ, ಆಂವಗ ಜೇಲು ಬ್ಯಾಡ್ರಿ. ನನ್ನ ಮನಿಯಾಗ ನನಗ ಇರಾಕ ಬಿಟ್ರ ಸಾಕ್ರಿ" ಅಂದಳು. 2003ರಲ್ಲಿ ಆ ಒಂದು ಮಾತಿಗೆ ಬಡವರ ಕೈಗೆ ಎಟುಕುವ ಅರ್ಜಿ ಇರಲಿಲ್ಲ. ಜೈಲು ಕೇಳಬಹುದಿತ್ತು, ರೊಕ್ಕ ಕೇಳಬಹುದಿತ್ತು. ಸೂರು ಕೇಳಲು 2006ರ ಅಕ್ಟೋಬರ್ 26ರವರೆಗೆ, ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಜಾರಿಗೆ ಬರುವವರೆಗೆ ಕಾಯಬೇಕಾಯಿತು. ಅದರ 17ನೇ ಕಲಂ, ಹೆಣ್ಣಿಗೆ ಸಂಸಾರ ಹೂಡಿದ ಮನೆಯಲ್ಲಿ ಇರುವ ಹಕ್ಕಿದೆ, ಮನೆ ಯಾರ ಹೆಸರಿನಲ್ಲಿದ್ದರೂ ಸರಿ ಎನ್ನುತ್ತದೆ.

ಆ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟಿನ ಬಾತ್ರಾ ತೀರ್ಪು ಬಂತು. ಅತ್ತೆಯ ಹೆಸರಿನಲ್ಲಿರುವ ಮನೆಯಲ್ಲಿ ಸೊಸೆಗೆ ಆ ಹಕ್ಕಿಲ್ಲ ಎಂದಿತು. ನಮ್ಮ ಕಡೆ ಮನೆಗಳು ಯಾರ ಹೆಸರಿನಲ್ಲಿರುತ್ತವೆ? ಮಾವನದು, ಇಲ್ಲವೇ ಅತ್ತೆಯದು. 2008ರಲ್ಲಿ ನಾನು ಅದೇ ಕಾರಣಕ್ಕೆ ಒಂದು ಕೇಸು ಸೋತೆ. ಆ ಹೆಣ್ಣುಮಗಳು ಕೋರ್ಟಿನ ಮೆಟ್ಟಿಲ ಮೇಲೆ ಕುಳಿತು ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು, ಒಂದು ಮಾತೂ ಆಡಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬಾತ್ರಾ ತೀರ್ಪು ತಪ್ಪೆಂದಿತು. ಹಳೆಯ ಫೈಲು ತೆಗೆದು ಅವಳ ನಂಬರಿಗೆ ಫೋನ್ ಮಾಡಿದೆ. ನಂಬರು ಬೇರೆ ಯಾರದೋ ಆಗಿತ್ತು. ಹದಿನಾಲ್ಕು ವರ್ಷ ಒಂದು ತಪ್ಪು ಅರ್ಥ ನೆಲದ ಕಾನೂನಾಗಿ ನಿಂತಿತ್ತು. ಆ ಸೋಲನ್ನು ನಾನಿನ್ನೂ ನುಂಗಿಕೊಂಡಿಲ್ಲ.

ಮಕ್ಕಳ ಕೇಸುಗಳ ಬಗ್ಗೆ ಹೆಚ್ಚು ಬರೆಯಲಾರೆ, ಕೈ ಬರುವುದಿಲ್ಲ. 2012ರ ನವೆಂಬರ್ 14ರಿಂದ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ, ಬಂದ ಮೇಲೆ ಬರೆದಿಟ್ಟ ವ್ಯವಸ್ಥೆ ಸುಧಾರಿಸಿದೆ. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವಿಗೆ ಹೋಗಬೇಕು. ಮಗುವನ್ನು ಕಾಣಲು ಹೋಗುವಾಗ ನಾನು ಕರಿ ಕೋಟು ಕಳಚಿಟ್ಟು ಹೋಗುತ್ತೇನೆ. ಆದರೆ ಇಲ್ಲಿಯೂ ಸರ್ ಅವರ ಲೆಕ್ಕವೇ ಎದುರಾಗುತ್ತದೆ. ಆರೋಪಿ ಎಷ್ಟೋ ಸಲ ಆ ಮನೆಗೆ ದುಡಿದು ಹಾಕುವವನೇ. ಅವನು ಒಳಗೆ ಹೋದ ತಿಂಗಳಿನಿಂದ ಒಲೆ ಹೊತ್ತುವುದು ಕಷ್ಟ. ತಾಯಿ ಹೇಳಿಕೆ ಬದಲಿಸಿದಾಗ ಜನ ಅವಳನ್ನು ಬೈಯುತ್ತಾರೆ. ಅವಳ ಹಿಟ್ಟಿನ ಡಬ್ಬಿ ಯಾರೂ ತೆರೆದು ನೋಡಿರುವುದಿಲ್ಲ. 2020ರ ಪೋಕ್ಸೊ ನಿಯಮಗಳ 8ನೇ ನಿಯಮದಲ್ಲಿ ಊಟ, ಬಟ್ಟೆ, ಓಡಾಟದಂಥ ತುರ್ತು ಅಗತ್ಯಕ್ಕೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿ ಹಣ ಕೊಡಿಸಬಹುದು. ದಯವಿಟ್ಟು ಇದನ್ನು ಓದುತ್ತಿರುವ ಕಿರಿಯ ವಕೀಲರು ಮೊದಲ ದಿನವೇ ಆ ಅರ್ಜಿ ಹಾಕಿ. ಜಾಮೀನಿಗೆ ತಕರಾರು ಬರೆಯುವಷ್ಟೇ ಅವಸರದಿಂದ ಹಾಕಿ.

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ರಜನೇಶ್ ಮತ್ತು ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರತಿ ಪ್ರಕರಣದಲ್ಲೂ ಇಬ್ಬರೂ ಆದಾಯ, ಆಸ್ತಿ, ಖರ್ಚಿನ ಪ್ರಮಾಣಪತ್ರ ಕೊಡಬೇಕು, ಹಣ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು. 2024ರ ಜುಲೈನಿಂದ 125ನೇ ಕಲಂ ಹೋಗಿ, ಸಿಆರ್‌ಪಿಸಿಯ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 144 ಆಗಿದೆ. ಅಂಕಿ ಬದಲಾದರೂ ಖರ್ಚಿನ ಪಟ್ಟಿಯನ್ನು ನಾನು ತುಂಬುವುದು ಸರ್ ಕಲಿಸಿದ ಕ್ರಮದಲ್ಲಿಯೇ: ಮೊದಲು ಬಾಡಿಗೆ, ಆಮೇಲೆ ಜೋಳ.

ನನ್ನ 2000ದ ಹಾಳೆಯಲ್ಲಿ ಒಂದು ಖರ್ಚು ಬಿಟ್ಟುಹೋಗಿತ್ತೆಂದು ತೋರಿಸಿಕೊಟ್ಟವಳು ಕಲಘಟಗಿ ಕಡೆಯ ಒಬ್ಬಾಕೆ. ಪಟ್ಟಿ ಓದಿ ಹೇಳಿದಾಗ, "ಕೋರ್ಟಿಗೆ ಬರೋ ಬಸ್ ಚಾರ್ಜ್ ಬರದಿಲ್ಲಲ್ರಿ?" ಅಂದಳು. ಅಂದಿನಿಂದ ಆ ಸಾಲು ಎಲ್ಲರ ಪ್ರಮಾಣಪತ್ರದಲ್ಲೂ ಇತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವಾಯಿತು. ಮುಂದಿನ ತಾರೀಖಿಗೆ ಬಂದ ಹೆಂಗಸೊಬ್ಬಳ ಪಟ್ಟಿಯಿಂದ ಅದನ್ನು ಹೊಡೆದುಹಾಕುತ್ತಿದ್ದೆ. ಅವಳು ಹಾಳೆಯ ಮೇಲೆ ಬೆರಳಿಟ್ಟು ನನ್ನ ಪೆನ್ನು ತಡೆದಳು.

"ಬಸ್ಸಿಂದ ತಗೀರಿ ಅಕ್ಕಾರ. ಅದ ಜಾಗಾದಾಗ ಆ ದಿನದ ಕೂಲಿ ಬರೀರಿ."